ಬಂಡಿಯಲ್ಲಿ ಇಂಜಿನಿನ ಸ್ಥಾನ

ನಮ್ಮ ಮಲೆನಾಡಿನಲ್ಲಿ ಎತ್ತಿನ ಗಾಡಿಗೆ ಭತ್ತದ ಮೂಟೆಗಳನ್ನು ಹೇರುವವರು ಹೇರಿಕೆಯ ಗುಣದೋಷಗಳನ್ನೆಲ್ಲ ಎರಡೇ ಮಾತುಗಳಲ್ಲಿ ಹೇಳಿ ಮುಗಿಸುತ್ತಿದ್ದರು. ಒಂದು ಮುಂಭಾರ, ಇನ್ನೊಂದು ಹಿಂಭಾರ. ಅಚ್ಚಿನಿಂದ ಮುಂದಕ್ಕೆ ತೂಕವು ಹೆಚ್ಚಾದರೆ ನೊಗವು ಎತ್ತುಗಳ ಹೆಗಲನ್ನು ಅದುಮುವುದು. ಇಳಿಜಾರಿನಲ್ಲಿ ಅವು ಮುಗ್ಗರಿಸುವುವು. ಹಿಂದಕ್ಕೆ ಹೆಚ್ಚಾದರೆ ಮೂಕಿಯು ಮೇಲಕ್ಕೆದ್ದು, ಎತ್ತಿನ ಕೊರಳಿಗೆ ಕಟ್ಟಿದ ಹಗ್ಗವು ಗಂಟಲನ್ನು ಬಿಗಿಯುವುದು. ಏರಿನಲ್ಲಿ ಗಾಡಿಯೇ ಹಿಂದಕ್ಕೆ ಮಗುಚಿದರೂ ಮಗುಚೀತು. ಆದಕಾರಣ ಒಂದು ಮೂಟೆಯನ್ನು ಗೇಣುದ್ದ ಹಿಂದಕ್ಕೆಳೆದು, ಇನ್ನೊಂದನ್ನು ಮುಂದಕ್ಕೆ ತಳ್ಳಿ, ನೊಗವನ್ನು ಕೈಯಿಂದ ಎತ್ತಿ ನೋಡಿ, ತೂಕವು ಹದಕ್ಕೆ ಬಂದಿದೆಯೆಂದು ಕಂಡ ಮೇಲೆಯೇ ಎತ್ತುಗಳನ್ನು ಹೂಡುವುದು ವಾಡಿಕೆಯಾಗಿದ್ದಿತು. ಈ ಎರಡು ಮಾತುಗಳ ಅರ್ಥವನ್ನು ಬಲ್ಲವರಿಗೆ, ಕೋಟಿಗಟ್ಟಲೆ ಬೆಲೆಯ ವೇಗದ ಕಾರುಗಳನ್ನು ರಚಿಸುವ ವಿದೇಶೀಯ ಯಂತ್ರಶಿಲ್ಪಿಗಳು ನೂರಮೂವತ್ತು ವರ್ಷಗಳಿಂದ ಯಾವ ವಿಚಾರದಲ್ಲಿ ವಾದಿಸುತ್ತಿರುವರೆಂಬುದನ್ನು ತಿಳಿಸಲು ಹೆಚ್ಚು ಶ್ರಮ ಬೇಡ.

ವಿಷಯವಿಷ್ಟೆ. ಜಪಾನಿನ ಟೊಯೋಟಾ ಸಂಸ್ಥೆಯು 2025ರ ಡಿಸೆಂಬರಿನಲ್ಲಿ ಜಿ.ಆರ್. ಜಿ.ಟಿ. ಎಂಬ ಅತಿವೇಗದ ಹೊಸ ಸ್ಪೋರ್ಟ್ಸ್ ಕಾರೊಂದನ್ನು ಲೋಕಕ್ಕೆ ತೋರಿಸಿ, 2027ರ ಸುಮಾರಿಗೆ ಅದನ್ನು ಮಾರಾಟಕ್ಕೆ ತರುವ ಉದ್ದೇಶವನ್ನು ಪ್ರಕಟಿಸಿತು. ಅದರ ಇಂಜಿನು ಎಂಟು ಸಿಲಿಂಡರುಗಳದು, ನಾಲ್ಕು ಲೀಟರಿನದು. ಅದಕ್ಕೆ ಜೊತೆಯಾಗಿ ಒಂದು ವಿದ್ಯುತ್ ಮೋಟಾರುಂಟು. ಎರಡೂ ಕೂಡಿ 650 ಅಶ್ವಶಕ್ತಿಗೆ ಕಡಮೆಯಿಲ್ಲದ ಬಲವನ್ನು ಕೊಡಬೇಕೆಂಬುದು ಸಂಸ್ಥೆಯು ಹೇಳಿಕೊಂಡ ಗುರಿ. ಇಂಥ ಕಾರುಗಳಲ್ಲಿ ಇಂಜಿನನ್ನು ಚಾಲಕನ ಬೆನ್ನ ಹಿಂದೆ ಇಡುವುದು ಈಗ ಬಹುಮಟ್ಟಿಗೆ ರೂಢಿಯಾಗಿರುವಾಗ, ಇದರಲ್ಲಿ ಅದು ಚಾಲಕನ ಮುಂದೆಯೇ ಇದೆ. ಆದರೆ ಅದೇ ಸಂಸ್ಥೆಯು ಅದೇ ವರ್ಷದ ಜನವರಿಯಲ್ಲಿ ಯಾರಿಸ್ ಎಂಬ ತನ್ನ ಚಿಕ್ಕ ಕಾರೊಂದರ ನಡುವಿನಲ್ಲಿ ಇಂಜಿನನ್ನು ಕೂರಿಸಿ, ಪರೀಕ್ಷಾರ್ಥವಾದ ಬಂಡಿಯೆಂದು ಪ್ರದರ್ಶಿಸಿದ್ದಿತು. ಒಂದೇ ಮನೆಯವರು ಒಂದೇ ವರ್ಷದಲ್ಲಿ ಒಂದು ಪ್ರಶ್ನೆಗೆ ಎರಡು ಉತ್ತರಗಳನ್ನು ಕೊಟ್ಟಂತಾಯಿತು.

ಸಾಹಿತ್ಯದ ಪತ್ರಿಕೆಯಲ್ಲಿ ಈ ಲೋಹದ ಮಾತೇಕೆಂದು ಕೆಲವರು ವಾಚಕ ಮಹಾಶಯರು ಹುಬ್ಬೇರಿಸಬಹುದು. ಟೊಯೋಟಾ ಸಂಸ್ಥೆಯ ಬಂಡಿಗಳು 1999ರ ಕೊನೆಯಿಂದ ನಮ್ಮ ನಾಡಿನ ಬಿಡದಿಯಲ್ಲಿಯೇ ತಯಾರಾಗುತ್ತಿವೆ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ, ಮಾಚೇನಹಳ್ಳಿಯ ಎರಕದ ಕಾರ್ಖಾನೆಗಳಲ್ಲಿ ಮೋಟಾರು ಬಂಡಿಗಳ ಅಂಗಗಳು ಎರಕಗೊಳ್ಳುತ್ತವೆ. ಭದ್ರಾವತಿಯ ಉಕ್ಕಿನ ಮಾತು ಹೇಗೂ ಮುಂದೆ ಬರಲಿದೆ. ಆದುದರಿಂದ ಇಂಜಿನು ಬಂಡಿಯ ಯಾವ ಭಾಗದಲ್ಲಿ ಕುಳಿತಿತು, ಏಕೆ ಕುಳಿತಿತು, ಮುಂದೆ ಎಲ್ಲಿಗೆ ಹೋಗಲಿದೆ ಎಂಬ ಚರಿತ್ರೆಯು ನಮ್ಮ ಊರಿಗೆ ಹೊರಗಿನ ವಿಷಯವಲ್ಲ.

ನಮ್ಮ ಪೂರ್ವಿಕರಿಗೆ ಈ ಪ್ರಶ್ನೆಯೇ ಹುಟ್ಟಲಿಲ್ಲ. ಕಠೋಪನಿಷತ್ತಿನ ಪ್ರಸಿದ್ಧವಾದ ರಥರೂಪಕದಲ್ಲಿ ಶರೀರವು ರಥ, ಬುದ್ಧಿಯು ಸಾರಥಿ, ಮನಸ್ಸು ಕಡಿವಾಣ, ಇಂದ್ರಿಯಗಳು ಕುದುರೆಗಳು. ಕುದುರೆಗಳು ಮುಂದಿರುವುವೆಂಬುದನ್ನು ಬಾಯಿಬಿಟ್ಟು ಹೇಳುವ ಅಗತ್ಯವೇ ಅಲ್ಲಿ ಕಾಣದು. ಸಭೆಗಳಲ್ಲಿ ನಾವು ಧಾರಾಳವಾಗಿ ಹಂಚುವ ‘ಧುರಂಧರ’ನೆಂಬ ಬಿರುದಿಗೂ ನೊಗವನ್ನು ಹೊತ್ತವನೆಂದೇ ಮೂಲಾರ್ಥ. ‘ಯಂತ್ರ’ವೆಂಬ ಶಬ್ದವಂತೂ ತಡೆದು ಹಿಡಿಯುವುದೆಂಬ ಅರ್ಥದ ಯಮ್ ಧಾತುವಿನಿಂದ ಹುಟ್ಟಿದುದು, ಓಡಿಸುವುದಕ್ಕಿಂತ ಮೊದಲು ಹತೋಟಿಯಲ್ಲಿಡುವುದೇ ಯಂತ್ರದ ಧರ್ಮವೆಂದು ಆ ಶಬ್ದವನ್ನು ಮಾಡಿದವರು ತಿಳಿದಿದ್ದಿರಬೇಕು. ದೇವರ ತೇರೊಂದು ಮಾತ್ರ ಇದಕ್ಕೆ ಅಪವಾದ. ಮುಂದಿನಿಂದ ಮಿಣಿ ಹಿಡಿದು ಎಳೆಯುವವರಂತೆಯೇ, ಹಿಂದಿನಿಂದ ಗಾಲಿಗೆ ಸನ್ನೆಗೋಲು ಕೊಟ್ಟು ಮೀಟುವವರೂ ಅಲ್ಲಿ ಇರುತ್ತಾರೆ. ತೇರು ಮೊದಲು ಕದಲುವುದು ಹಿಂದಿನವರಿಂದಲೇ.

ಪಶುಬಲವನ್ನು ಬಿಟ್ಟು ಬಂಡಿಯು ತಾನೇ ಚಲಿಸಬೇಕೆಂದಾಗ ಕಷ್ಟವು ಆರಂಭವಾಯಿತು. ಫ್ರಾನ್ಸಿನ ಸೈನ್ಯದಲ್ಲಿದ್ದ ಕ್ಯೂನ್ಯೋ ಎಂಬವನು 1769-70ರಲ್ಲಿ ಫಿರಂಗಿಗಳನ್ನು ಸಾಗಿಸುವುದಕ್ಕಾಗಿ ಮೂರು ಗಾಲಿಗಳ ಉಗಿಬಂಡಿಯೊಂದನ್ನು ಕಟ್ಟಿದನು. ಕುದುರೆಯಿದ್ದ ಕಡೆಗೇ ಬಲವೂ ಇರಬೇಕೆಂದು ಭಾವಿಸಿದನೋ ಏನೋ, ದೊಡ್ಡದಾದ ಬಾಯ್ಲರನ್ನು ಒಂಟಿ ಮುಂಗಾಲಿಯಿಂದಲೂ ಮುಂದಕ್ಕೆ ನೇತುಹಾಕಿದನು. ಆ ಬಂಡಿಯು ಇಂದಿಗೂ ಪ್ಯಾರಿಸಿನ ವಸ್ತುಸಂಗ್ರಹಾಲಯವೊಂದರಲ್ಲಿದೆ. ಅದರ ಚಿತ್ರವನ್ನು ನಮ್ಮ ಯಾವ ಗಾಡಿಯವನಿಗೆ ತೋರಿಸಿದರೂ ಅವನು ಮೊದಲು ಹೇಳುವ ಮಾತು ಮುಂಭಾರವೆಂದೇ. ತಿರುಗಿಸಬೇಕಾದ ಗಾಲಿಯ ಮೇಲೆಯೇ ಅಷ್ಟು ತೂಕವಿದ್ದರೆ ಅದನ್ನು ತಿರುಗಿಸುವ ಬಗೆ ಹೇಗೆ?

ನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಜರ್ಮನಿಯ ಕಾರ್ಲ್ ಬೆಂಜ್ ಎಂಬವನು 1886ರ ಜನವರಿ 29ರಂದು ಹಕ್ಕುಪತ್ರವನ್ನು ಕೇಳಿಕೊಂಡ ಪೆಟ್ರೋಲು ಬಂಡಿಯಲ್ಲಿ ಇಂಜಿನು ಆಸನದ ಹಿಂದೆ ಇದ್ದಿತು. ಅದೂ ಮೂರು ಗಾಲಿಯದೇ. ಇಂಜಿನು ಹಿಂಗಾಲಿಗಳ ಬಳಿಯಲ್ಲಿಯೇ ಇದ್ದುದರಿಂದ ಸಣ್ಣದೊಂದು ಪಟ್ಟಿಯೂ ಸರಪಳಿಗಳೂ ಬಲವನ್ನು ಮುಟ್ಟಿಸಿದುವು. ಮುಂದಿನ ಗಾಲಿಯು ಹಗುರವಾಗಿ ಉಳಿದು ತಿರುಗಿಸಲು ಸುಲಭವಾಯಿತು. ಹೀಗೆ ಮೋಟಾರು ಬಂಡಿಯು ಹುಟ್ಟುವಾಗಲೇ ಹಿಂದೆ ಇಂಜಿನುಳ್ಳದ್ದಾಗಿ ಹುಟ್ಟಿತು. ಮುಂದಿನ ಐದೇ ವರ್ಷಗಳಲ್ಲಿ, 1891ರಲ್ಲಿ, ಫ್ರಾನ್ಸಿನ ಎಮಿಲ್ ಲೆವಾಸ್ಸೋರ್ ಅದನ್ನು ಮುಂದಕ್ಕೆ ತಂದಿಟ್ಟನು. ಇಂಜಿನು ಮುಂದೆ, ಅದರ ಹಿಂದೆ ಕ್ಲಚ್ಚು ಮತ್ತು ಗೇರುಗಳು, ಕೊನೆಯಲ್ಲಿ ಹಿಂಗಾಲಿಗಳಿಗೆ ಬಲ. ಓಡುವ ಗಾಳಿಯು ನೇರವಾಗಿ ಬಂದು ಇಂಜಿನನ್ನು ತಣಿಸುವುದು, ಮುಂಗಾಲಿಗಳು ನೆಲವನ್ನು ಬಿಗಿಯಾಗಿ ಕಚ್ಚುವುವು, ಹಿಂದೆ ಜನರಿಗೂ ಸಾಮಾನಿಗೂ ಜಾಗವು ಬಿಡುವಾಗುವುದು. ಲೂಯಿ ರೆನೋ ಎಂಬವನು 1898ರಲ್ಲಿ ಸರಪಳಿಯನ್ನು ತೆಗೆದು ಉದ್ದನೆಯ ತಿರುಗುವ ಷಾಫ್ಟನ್ನು ಹಾಕಿದ ಮೇಲೆ ಈ ಕ್ರಮವು ಗಟ್ಟಿಯಾಗಿ ನಿಂತಿತು. ನಮ್ಮ ದೇಶದ ರಸ್ತೆಗಳಲ್ಲಿ 1957ರಿಂದ ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಓಡಿದ ಅಂಬಾಸಡರ್ ಕಾರಿನ ಕ್ರಮವೂ ಇದೇ.

ಗಾಡಿಗೆ ಹೇರುವವರ ಎರಡು ಮಾತುಗಳಿಗೆ ಇಲ್ಲಿ ಇನ್ನೊಂದನ್ನು ಸೇರಿಸಬೇಕು. ಕಾವಡಿಯಲ್ಲಿ ನೀರು ಹೊರುವವನನ್ನು ನೋಡಿರಿ. ಎರಡು ತುದಿಗಳಲ್ಲಿಯೂ ಸಮತೂಕದ ಕೊಡಗಳಿದ್ದರೆ ಅವನ ನಡಿಗೆಯು ನೆಟ್ಟಗಿರುವುದು. ಮುಂಭಾರವೂ ಇಲ್ಲ, ಹಿಂಭಾರವೂ ಇಲ್ಲ. ಆದರೆ ಯಾರೋ ಕೂಗಿದರೆಂದು ಅವನು ಥಟ್ಟನೆ ತಿರುಗಲಾರನು; ತಿರುಗತೊಡಗಿದ ಮೇಲೆ ಥಟ್ಟನೆ ನಿಲ್ಲಲೂ ಆರನು. ಅವೇ ಎರಡು ಕೊಡಗಳನ್ನು ಎದೆಗವಚಿಕೊಂಡವನು ಕ್ಷಣಮಾತ್ರದಲ್ಲಿ ತಿರುಗಬಲ್ಲನು. ತೂಕವು ಒಂದೇ; ಅದು ನಡುವಿನಿಂದ ಎಷ್ಟು ದೂರದಲ್ಲಿದೆಯೆಂಬುದು ಬೇರೆ. ದೂರವು ಇಮ್ಮಡಿಯಾದರೆ ತಿರುಗಿಸುವ ಶ್ರಮವು ನಾಲ್ಮಡಿಯಾಗುವುದೆಂದು ಗಣಿತಜ್ಞರು ಲೆಕ್ಕ ಹಾಕಿ ತೋರಿಸುತ್ತಾರೆ. ಭಾರವಾದ ಇಂಜಿನನ್ನು ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ತಂದಿಟ್ಟರೆ ಬಂಡಿಯು ತಿರುವಿನಲ್ಲಿ ಚುರುಕಾಗುವುದಕ್ಕೆ ಇದೇ ಕಾರಣ. ಆದರೆ ಚುರುಕಾಗಿ ತಿರುಗುವುದು ಹಿಡಿತ ತಪ್ಪಿದಾಗಲೂ ಅಷ್ಟೇ ಚುರುಕಾಗಿ ಬುಗುರಿಯಾಗುವುದು. ಈ ಎರಡನೆಯ ಅರ್ಧವನ್ನು ವೇಗದ ಕಾರುಗಳ ಜಾಹೀರಾತುಗಳು ಹೇಳುವುದಿಲ್ಲ.

ಈ ತತ್ತ್ವಗಳು ನಮ್ಮ ರಸ್ತೆಗಳಲ್ಲಿ ಹೇಗೆ ನಡೆದುವೆಂಬುದನ್ನು ನೋಡೋಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಬರ ಬಂದಾಗ ಮೈಸೂರು ಸೀಮೆಯ ಬಸ್ಸುಗಳು ಇದ್ದಿಲಿನಿಂದ ಓಡಿದುವು. ಇದ್ದಿಲನ್ನು ಅರೆಬರೆಯಾಗಿ ಉರಿಸಿ, ಅದರಿಂದ ಬರುವ ಅನಿಲವನ್ನು ಇಂಜಿನಿಗೆ ಊಡುವ ದೊಡ್ಡ ಒಲೆಯನ್ನು ಬಸ್ಸಿನ ಹಿಂಬದಿಗೋ ಪಕ್ಕಕ್ಕೋ ಕಟ್ಟುತ್ತಿದ್ದರು. ಇಂಜಿನು ಮುಂದೆ, ಅದರ ಅಡುಗೆಮನೆ ಹಿಂದೆ! ಹೊರಡುವುದಕ್ಕೆ ಮೊದಲು ಗಾಳಿಯ ತಿದಿಯನ್ನು ತಿರುಗಿಸಿ ಕೆಂಡ ಮಾಡಿಕೊಳ್ಳಬೇಕಾಗಿತ್ತೆಂದೂ, ಏರು ಬಂದಾಗ ಪ್ರಯಾಣಿಕರು ಇಳಿದು ನಡೆಯುವುದೂ ಒಮ್ಮೊಮ್ಮೆ ತಳ್ಳುವುದೂ ಇದ್ದಿತೆಂದೂ ಹಿರಿಯರು ಹೇಳುತ್ತಿದ್ದುದನ್ನು ನಮ್ಮ ವಯಸ್ಸಿನವರು ಕೇಳಿದ್ದೇವೆ. ಮಲೆನಾಡಿಗೆ ಇದ್ದಿಲು ಹೊಸದಲ್ಲ; ಭದ್ರಾವತಿಯ ಕುಲುಮೆಯು ಅದಿರನ್ನು ಕರಗಿಸುತ್ತಿದ್ದುದೂ ಈ ಕಾಡುಗಳ ಇದ್ದಿಲಿನಿಂದಲೇ.

ಆಮೇಲಿನ ಬಸ್ಸುಗಳಲ್ಲಿ ಉದ್ದನೆಯ ಮೂತಿಯು ಹೋಗಿ, ಇಂಜಿನು ಚಾಲಕನ ಪಕ್ಕಕ್ಕೆ, ಬಸ್ಸಿನ ಒಳಕ್ಕೇ ಬಂದಿತು. ಮೂತಿಯು ಹೋದುದರಿಂದ ಅಷ್ಟೇ ಉದ್ದದ ಬಸ್ಸಿನಲ್ಲಿ ಒಂದೆರಡು ಸಾಲು ಸೀಟುಗಳು ಹೆಚ್ಚಾದುವು. ನಮ್ಮ ಬಾಲ್ಯದ ಖಾಸಗಿ ಬಸ್ಸುಗಳಲ್ಲಿ ಇಂಜಿನಿನ ಮುಚ್ಚಳದ ಮೇಲೆ ಗೋಣಿಯನ್ನೋ ಕಂಬಳಿಯನ್ನೋ ಹಾಸಿ ಹುಡುಗರನ್ನು ಕೂರಿಸುತ್ತಿದ್ದರು. ಸಾಗರ, ತೀರ್ಥಹಳ್ಳಿಗಳ ಮಳೆಗಾಲದಲ್ಲಿ ಆ ಸ್ಥಾನವು ಅರಮನೆಗೆ ಸಮಾನ. ಚೈತ್ರ ವೈಶಾಖಗಳಲ್ಲಿ ಅದರ ಮಾತೇ ಬೇಡ. ಈ ಶತಮಾನದ ಆರಂಭದಲ್ಲಿ ವೋಲ್ವೋ ಬಸ್ಸುಗಳು ನಮ್ಮ ನಾಡಿಗೆ ಬಂದಾಗ, ಇಂಜಿನು ಹಿಂದಿನ ಅಚ್ಚಿನಿಂದಲೂ ಹಿಂದಕ್ಕೆ ಹೋಗಿ ಕುಳಿತುದನ್ನು ಜನರು ಸೋಜಿಗದಿಂದ ನೋಡಿದರು. ಶಬ್ದವೂ ಕಾವೂ ಹಿಂದೆ ಉಳಿದುವು. ನೆಲದಡಿಯಲ್ಲಿ ಷಾಫ್ಟು ಇಲ್ಲದುದರಿಂದ ಪೆಟ್ಟಿಗೆಗಳಿಗೆ ವಿಶಾಲವಾದ ಜಾಗವಾಯಿತು. ಆದರೆ ಈ ಉದ್ದ ಬಂಡಿಗಳು ಹೆದ್ದಾರಿಗೇ ಸರಿ. ಆಗುಂಬೆಯ ಘಾಟಿಯಲ್ಲಿ ಇಂದಿಗೂ ಮೋಟುಬಸ್ಸೇ ಗತಿ. ಅಲ್ಲಿನ ಸುತ್ತುಗಳು ಯಂತ್ರಶಿಲ್ಪಿಯ ನಕ್ಷೆಗಿಂತ ಹಳೆಯವು.

ಆಟೋರಿಕ್ಷಾವೂ ಇದೇ ದಾರಿಯನ್ನು ತುಳಿಯಿತು. ಬಜಾಜ್ ಸಂಸ್ಥೆಯ ಹಳೆಯ ರಿಕ್ಷಾಗಳಲ್ಲಿ ಇಂಜಿನು ಮುಂಬದಿಯಲ್ಲಿ, ಚಾಲಕನ ಬಳಿಯಲ್ಲಿಯೇ ಇದ್ದಿತು; 1977ರಲ್ಲಿ ಹಿಂದೆ ಇಂಜಿನುಳ್ಳ ರಿಕ್ಷಾವು ಬಂದಿತು. ಶಾಲೆಯಲ್ಲಿ ಒಮ್ಮೆ ರಥಶಬ್ದದ ರೂಪಗಳನ್ನು ಹೇಳಿಕೊಡುತ್ತಿದ್ದಾಗ, ರಿಕ್ಷಾ ಚಾಲಕರೊಬ್ಬರ ಮಗನು ಎದ್ದು, “ಮೇಷ್ಟ್ರೇ, ರಥಕ್ಕೆ ಕುದುರೆ ಮುಂದೆ, ನಮ್ಮಪ್ಪನ ಆಟೋಗೆ ಮಾತ್ರ ಯಾಕೆ ಹಿಂದೆ?” ಎಂದು ಕೇಳಿದನು. ಬೆಂಜನ ಮೂರು ಗಾಲಿಯ ಬಂಡಿಯನ್ನು ಹಲಗೆಯ ಮೇಲೆ ಬರೆದು ತೋರಿಸಿದೆ. ಮೂರು ಗಾಲಿಗಳ ಬಂಡಿಯಲ್ಲಿ ಭಾರವೆಲ್ಲ ಎರಡು ಗಾಲಿಗಳಿರುವ ಕಡೆಗೇ ಇದ್ದರೆ ತಿರುವಿನಲ್ಲಿ ಪಕ್ಕಕ್ಕೆ ಮಗುಚುವ ಭಯವು ಕಡಮೆಯೆಂಬುದನ್ನು ಹುಡುಗರು ತಾವೇ ಹೇಳಿದರು.

ಇದಕ್ಕಿಂತ ವಿನೋದವಾದ ಸಂಗತಿಯೊಂದಿದೆ. ಇಟಲಿಯ ಲಂಬೋರ್ಗಿನಿ ಸಂಸ್ಥೆಯು 1966ರಲ್ಲಿ ಮಿಯೂರಾ ಎಂಬ ಕಾರಿನ ನಡುವಿನಲ್ಲಿ ಹನ್ನೆರಡು ಸಿಲಿಂಡರಿನ ಇಂಜಿನನ್ನಿಟ್ಟಾಗ ಶ್ರೀಮಂತರ ಲೋಕವೇ ಬೆರಗಾಯಿತು. ಅದೇ ತತ್ತ್ವದಲ್ಲಿ, ಎರಡು ಅಚ್ಚುಗಳ ನಡುವೆ ಇಂಜಿನನ್ನಿಟ್ಟು ಹಿಂಗಾಲಿಗಳನ್ನು ಓಡಿಸುವ ಬಂಡಿಯೊಂದು 1984ರಿಂದ ನಮ್ಮ ಊರುಗಳ ಬೀದಿಗಳಲ್ಲಿ ಸದ್ದಿಲ್ಲದೆ ಓಡಾಡಿತು. ಅದೇ ಮಾರುತಿ ಓಮ್ನಿ. ಮುಂದಿನ ಸೀಟಿನ ಅಡಿಯಲ್ಲಿ 796 ಘನ ಸೆಂಟಿಮೀಟರಿನ ಮೂರು ಸಿಲಿಂಡರಿನ ಇಂಜಿನು! ಶಾಲೆಯ ಮಕ್ಕಳನ್ನು, ಹಾಲಿನ ಕ್ಯಾನುಗಳನ್ನು, ಅಡಕೆಯ ಚೀಲಗಳನ್ನು, ಆಸ್ಪತ್ರೆಗೆ ಹೋಗುವ ರೋಗಿಗಳನ್ನು ಹೊತ್ತು, 2019ರಲ್ಲಿ ಅದರ ತಯಾರಿಕೆಯು ನಿಲ್ಲುವವರೆಗೂ ಅದು ಯಾರ ಬೆರಗಿಗೂ ಪಾತ್ರವಾಗಲಿಲ್ಲ. ಅಲ್ಲಿ ಇಂಜಿನು ನಡುವಿಗೆ ಬಂದುದು ವೇಗಕ್ಕಾಗಿ ಅಲ್ಲ. ಗಿಡ್ಡ ಬಂಡಿಯಲ್ಲಿ ಜಾಗವನ್ನು ಉಳಿಸುವುದಕ್ಕಾಗಿ. ಚಾಲಕನ ಮುಂದೆ ಇಂಜಿನಿನ ಅಡ್ಡವೂ ಇರಲಿಲ್ಲವಾಗಿ ಢಿಕ್ಕಿಯಾದಾಗ ಅವನ ಮೊಣಕಾಲುಗಳೇ ಬಂಡಿಯ ಮೂತಿಯಾಗುತ್ತಿದ್ದುವು. ಜಾಗವು ಎಲ್ಲಿಂದಲಾದರೂ ಬರಲೇಬೇಕಷ್ಟೆ.

ಮಾರುತಿ ಸಂಸ್ಥೆಯೇ 1983ರ ಡಿಸೆಂಬರಿನಲ್ಲಿ ಹೊರತಂದ 800 ಕಾರು ಬೇರೊಂದು ಉತ್ತರವನ್ನು ಮನೆಮನೆಗೆ ತಂದಿತು. ಇಂಜಿನನ್ನು ಮುಂದೆಯೇ, ಆದರೆ ಅಡ್ಡಲಾಗಿ ಇಟ್ಟು ಮುಂಗಾಲಿಗಳನ್ನೇ ಓಡಿಸುವ ಕ್ರಮವದು. ಇಂಗ್ಲೆಂಡಿನ ಮಿನಿ ಕಾರು 1959ರಲ್ಲಿ ಅದನ್ನು ಪ್ರಸಿದ್ಧಿಗೆ ತಂದಿದ್ದಿತು. ಇಂದಿನ ಸಣ್ಣ ಕಾರುಗಳು ಬಹುತೇಕ ಎಲ್ಲವೂ ಹೀಗೆಯೇ. ಬಿಡದಿಯಲ್ಲಿಯೂ ಈ ಬದಲಾವಣೆಯು ನಡೆದುದನ್ನು ನಮ್ಮ ಬಾಡಿಗೆ ಕಾರಿನ ಚಾಲಕರು ಚೆನ್ನಾಗಿ ಬಲ್ಲರು. 2005ರಲ್ಲಿ ಬಂದ ಇನ್ನೋವಾ ಕಾರಿನಲ್ಲಿ ಇಂಜಿನು ಉದ್ದಕ್ಕೆ ಕುಳಿತು ಹಿಂಗಾಲಿಗಳನ್ನು ಓಡಿಸುತ್ತಿದ್ದಿತು. 2022ರಲ್ಲಿ ತೋರಿಸಿದ ಹೈಕ್ರಾಸ್ ಎಂಬ ಇನ್ನೋವಾದಲ್ಲಿ ಅದು ಅಡ್ಡಕ್ಕೆ ತಿರುಗಿ ಮುಂಗಾಲಿಗಳನ್ನು ಓಡಿಸತೊಡಗಿತು. ಒಳಗಿನ ಜಾಗವು ಹೆಚ್ಚಿತು, ನೆಲವು ಸಮವಾಯಿತು, ಇಂಧನದ ಖರ್ಚು ಇಳಿಯಿತು. ಆದರೆ ಏಳು ಜನರೂ ಸಾಮಾನೂ ತುಂಬಿದ ಬಂಡಿಯು ಮಳೆಯಲ್ಲಿ ಘಾಟಿಯನ್ನೇರುವಾಗ ತೂಕವೆಲ್ಲ ಹಿಂದಕ್ಕೆ ಜಾರುವುದು. ಬಲವು ಬರುವ ಮುಂಗಾಲಿಗಳು ಹಗುರವಾಗುವುವು. ಹಿಂದಕ್ಕೆ ಜಾರಿದ ತೂಕವೇ ಹಿಂಗಾಲಿಗಳಿಂದ ಓಡುವ ಬಂಡಿಗೆ ಉಪಕಾರಿ. ಹಳೆಯ ಇನ್ನೋವಾವನ್ನು ಘಾಟಿಯ ಚಾಲಕರು ಹೊಗಳುವುದು ಬರಿಯ ಅಭ್ಯಾಸಬಲದಿಂದಲ್ಲ ಎಂಬುದು ನಮ್ಮ ಅಭಿಪ್ರಾಯ.

ಇನ್ನು ಪಂದ್ಯದ ಕಾರುಗಳ ಮಾತು. ಜರ್ಮನಿಯ ಆಟೋ ಯೂನಿಯನ್ ಸಂಸ್ಥೆಗಾಗಿ ಫರ್ಡಿನಾಂಡ್ ಪೋರ್ಷೆಯು ರಚಿಸಿ, 1934ರಿಂದ ಓಡಿದ ಕಾರುಗಳಲ್ಲಿ ಹದಿನಾರು ಸಿಲಿಂಡರಿನ ಇಂಜಿನು ಚಾಲಕನ ಹಿಂದಿದ್ದಿತು. ಅವು ಗೆದ್ದುವು ನಿಜ. ಆದರೆ ಅವುಗಳನ್ನು ಪಳಗಿಸಬಲ್ಲ ಚಾಲಕರು ಬೆರಳೆಣಿಕೆಯವರು. ಯುದ್ಧಾನಂತರ ಇಂಗ್ಲೆಂಡಿನ ಕೂಪರ್ ಎಂಬ ಸಣ್ಣ ಸಂಸ್ಥೆಯು ಹಗುರವಾದ ಕಾರಿನಲ್ಲಿ ಸಣ್ಣ ಇಂಜಿನನ್ನು ಚಾಲಕನ ಹಿಂದಿಟ್ಟು, 1958ರಲ್ಲಿ ಅರ್ಜೆಂಟೀನಾದ ಪಂದ್ಯವನ್ನು ಗೆದ್ದಿತು. 1959ರಲ್ಲಿಯೂ 1960ರಲ್ಲಿಯೂ ಜಾಕ್ ಬ್ರಾಬಮ್ ಅದೇ ಸಂಸ್ಥೆಯ ಕಾರಿನಲ್ಲಿ ಲೋಕವಿಜೇತನಾದನು. ದೊಡ್ಡ ಇಂಜಿನುಗಳ ದೊರೆಯಾಗಿದ್ದ ಇಟಲಿಯ ಎನ್ಜೋ ಫೆರಾರಿಯು, ಎತ್ತು ಬಂಡಿಯನ್ನು ಎಳೆಯಬೇಕೇ ಹೊರತು ತಳ್ಳಬಾರದೆಂಬರ್ಥದ ಮಾತನ್ನಾಡಿದನೆಂದು ಪ್ರಸಿದ್ಧಿಯಿದೆ. ಎತ್ತಿನ ಗಾಡಿಯ ನ್ಯಾಯವು ಇಟಲಿಗೂ ಹೋಗಿರುವುದನ್ನು ಕಂಡು ನಮಗೆ ಸಂತೋಷವೇ. ಆದರೆ ಆತನು 1961ರಲ್ಲಿ ತನ್ನ ಇಂಜಿನನ್ನೂ ಹಿಂದಕ್ಕೆ ಸಾಗಿಸಿ, ಆ ವರ್ಷವೇ ಗೆದ್ದನು. ಅಂದಿನಿಂದ ಮುಂದೆ ಇಂಜಿನುಳ್ಳ ಕಾರು ಆ ಪ್ರಶಸ್ತಿಯನ್ನು ಪಡೆದುದಿಲ್ಲ. ಅಮೆರಿಕೆಯ ಕಾರ್ವೆಟ್ ಕಾರಾದರೋ 1953ರಲ್ಲಿ ಹುಟ್ಟಿ, ತನ್ನ ಮುಖ್ಯ ಶಿಲ್ಪಿಯಾದ ಜೋರಾ ಆರ್ಕಸ್ ಡಂಟೊವ್ ನಡು-ಇಂಜಿನಿಗಾಗಿ ದಶಕಗಳ ಕಾಲ ಹಟಹಿಡಿದರೂ ಜಗ್ಗದೆ, 2019ರಲ್ಲಿ ತೋರಿಸಿದ ಎಂಟನೆಯ ತಲೆಮಾರಿನಲ್ಲಿ ಮಾತ್ರ ಇಂಜಿನನ್ನು ನಡುವಿಗೆ ತಂದಿತು. ಆ ವೇಳೆಗೆ ಡಂಟೊವ್ ತೀರಿಕೊಂಡು ಇಪ್ಪತ್ತು ವರ್ಷಗಳ ಮೇಲಾಗಿದ್ದಿತು.

ಪಂದ್ಯದ ಮೈದಾನದ ಜಾಣ್ಮೆಯನ್ನು ಹಾಗೆಯೇ ತಂದು ಗೃಹಸ್ಥನ ಕೈಗೆ ಕೊಡುವುದು ಎಷ್ಟು ಅಪಾಯವೆಂಬುದಕ್ಕೆ ಅಮೆರಿಕೆಯಲ್ಲಿಯೇ ಒಂದು ದೊಡ್ಡ ವ್ಯಾಜ್ಯ ನಡೆಯಿತು. ಷೆವ್ರೊಲೆ ಸಂಸ್ಥೆಯ ಕಾರ್ವೇರ್ ಎಂಬ ಕಾರಿನಲ್ಲಿ ಇಂಜಿನು ಹಿಂದಿನ ಅಚ್ಚಿನಿಂದಲೂ ಹಿಂದಕ್ಕೆ ಇದ್ದಿತು. 1959ರ ಕೊನೆಯಿಂದ ಅದನ್ನು ಮಾರಿದರು. ತಿರುವಿನಲ್ಲಿ ಹಿಂಭಾಗವು ಕವಣೆಯ ಕಲ್ಲಿನಂತೆ ಹೊರಕ್ಕೆ ಬೀಸುವುದೆಂದೂ, ಅಗ್ಗದ ಅಚ್ಚುಗಳಿಂದ ಈ ದೋಷವು ಹೆಚ್ಚಿತೆಂದೂ ರಾಲ್ಫ್ ನೇಡರ್ ಎಂಬ ವಕೀಲನು 1965ರಲ್ಲಿ ಬರೆದ ಪುಸ್ತಕದ ಮೊದಲನೆಯ ಅಧ್ಯಾಯದಲ್ಲಿಯೇ ದೂರಿದನು. ಅವನ ಪುಸ್ತಕದ ಗದ್ದಲದ ನಡುವೆ 1966ರಲ್ಲಿ ಅಲ್ಲಿಯ ಸರ್ಕಾರವು ವಾಹನಗಳ ಸುರಕ್ಷತೆಗೆ ಕಾಯಿದೆಯನ್ನು ಮಾಡಿತು. ಸರ್ಕಾರವೇ ನಡೆಸಿದ ಪರೀಕ್ಷೆಯು 1972ರಲ್ಲಿ, ಆ ಕಾರು ತನ್ನ ಕಾಲದ ಇತರ ಕಾರುಗಳಿಗಿಂತ ಕೆಟ್ಟದಾಗಿರಲಿಲ್ಲವೆಂದು ತೀರ್ಪಿತ್ತಿತೆಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು. ಅಷ್ಟು ಹೊತ್ತಿಗೆ ಅದರ ತಯಾರಿಕೆಯು ನಿಂತು ಮೂರು ವರ್ಷಗಳಾಗಿದ್ದುವು. ಅದೇ ಹಿಂಭಾರವನ್ನು 1960ರ ದಶಕದಿಂದ ಇಂದಿನವರೆಗೂ ಬಿಡದೆ ಹೊತ್ತು, ಗಾಲಿ ಅಚ್ಚುಗಳನ್ನು ತಿದ್ದಿ ತಿದ್ದಿ ಪಳಗಿಸಿರುವ ಪೋರ್ಷೆ 911 ಕೂಡ ಉಂಟು. ಸ್ಥಾನವೊಂದರಿಂದಲೇ ಗುಣವೂ ಇಲ್ಲ, ದೋಷವೂ ಇಲ್ಲ. ಕೆಟ್ಟ ಹೇರಿಕೆಯನ್ನು ಒಳ್ಳೆಯ ಎತ್ತು ಸ್ವಲ್ಪ ಮಟ್ಟಿಗೆ ಸರಿದೂಗಿಸುವುದನ್ನು ಗಾಡಿಯವರೂ ಬಲ್ಲರು.

ಇಷ್ಟನ್ನು ನೋಡಿದ ಮೇಲೆ ಟೊಯೋಟಾ ಸಂಸ್ಥೆಯ ಹೊಸ ಕಾರಿನ ನಕ್ಷೆಯು ಅಷ್ಟು ವಿಚಿತ್ರವಾಗಿ ತೋರದು. ಇಂಜಿನು ಮುಂದೆಯೇ ಇದ್ದರೂ ಗೇರುಗಳ ಪೆಟ್ಟಿಗೆಯನ್ನೂ ವಿದ್ಯುತ್ ಮೋಟಾರನ್ನೂ ಹಿಂದಿನ ಅಚ್ಚಿನ ಬಳಿಗೆ ಸಾಗಿಸಿದ್ದಾರೆ. ಇದು ಕಾವಡಿಯ ಕ್ರಮ. ತೂಕದ ನೂರು ಪಾಲುಗಳಲ್ಲಿ 45 ಮುಂದಕ್ಕೂ 55 ಹಿಂದಕ್ಕೂ ಬೀಳುವಂತೆ ಮಾಡಿರುವರೆಂದು ಸಂಸ್ಥೆಯು ತಿಳಿಸಿತು. ಬಲವೆಲ್ಲ ಹಿಂಗಾಲಿಗಳಿಗೆ ಹೋಗುವುದರಿಂದ ಅಲ್ಪ ಹಿಂಭಾರವು ಬೇಕೇ ಬೇಕು. ಕಾವಡಿ ಹೊತ್ತವನಂತೆ ಈ ಕಾರು ತಿರುವಿನಲ್ಲಿ ನಡು-ಇಂಜಿನಿನದಕ್ಕಿಂತ ಒಂದು ಕಣದಷ್ಟು ನಿಧಾನವಾದೀತು. ಆದರೆ ಹಿಡಿತವು ತಪ್ಪುವಾಗಲೂ ಅದು ನಿಧಾನವಾಗಿ, ಚಾಲಕನಿಗೆ ಮುನ್ಸೂಚನೆಯನ್ನು ಕೊಟ್ಟೇ ತಪ್ಪುವುದು. ಇದೇ ಸಂಸ್ಥೆಯು 2010ರಿಂದ 2012ರವರೆಗೆ ಐನೂರನ್ನು ಮಾತ್ರ ತಯಾರಿಸಿದ ಲೆಕ್ಸಸ್ ಎಲ್.ಎಫ್.ಎ. ಎಂಬ ಹತ್ತು ಸಿಲಿಂಡರಿನ ಕಾರಿನಲ್ಲಿಯೂ ಇಂಜಿನು ಮುಂದೆ, ಗೇರುಗಳು ಹಿಂದೆ ಎಂಬ ಕ್ರಮವನ್ನೇ ಅನುಸರಿಸಿದ್ದಿತು. 650 ಅಶ್ವಶಕ್ತಿಯನ್ನು ಹಣವುಳ್ಳ ಸಾಮಾನ್ಯ ಚಾಲಕನ ಕಾಲಕೆಳಗೆ ಇಡುವವರು ಚುರುಕಿಗಿಂತ ಮುನ್ಸೂಚನೆಯನ್ನು ಆರಿಸಿಕೊಂಡುದು ವಿವೇಕವೆಂದೇ ನಮಗೆ ತೋರುತ್ತದೆ. ಪಂದ್ಯಕ್ಕೆ ಒಂದು, ಗೃಹಸ್ಥನಿಗೆ ಒಂದು ಎಂದು ಎರಡು ಉತ್ತರಗಳಿದ್ದರೆ ಅದನ್ನು ಚಾಂಚಲ್ಯವೆನ್ನಲಾಗದು.

ಆದರೆ ಈ ವಾದವೆಲ್ಲವೂ ಇಂಜಿನೆಂಬ ಒಂದು ಭಾರವಾದ ಗಂಟು ಬಂಡಿಯಲ್ಲಿರುವವರೆಗೆ ಮಾತ್ರ. ಬೆಂಗಳೂರಿನಲ್ಲಿ 2001ರಲ್ಲಿ ಮಾರಾಟಕ್ಕೆ ಬಂದ ರೇವಾ ಎಂಬ ಸಣ್ಣ ವಿದ್ಯುತ್ ಕಾರನ್ನು ಕೆಲವರು ಕಂಡಿರಬಹುದು. ಅದರಲ್ಲಿ ಮೋಟಾರು ಹಿಂಗಾಲಿಗಳ ಬಳಿ. ಸೀಸದ ಬ್ಯಾಟರಿಗಳು ಮುಂದಿನ ಸೀಟಿನ ಅಡಿಯಲ್ಲಿ. ಅದರಲ್ಲಿ ಕುಳಿತವನು ಅಕ್ಷರಶಃ ತನ್ನ ಶಕ್ತಿಯ ಮೇಲೆಯೇ ಕುಳಿತಿದ್ದನು. ಆ ಬಳಿಕ ಬಂದ ದೊಡ್ಡ ವಿದ್ಯುತ್ ಕಾರುಗಳಲ್ಲಿ ಬ್ಯಾಟರಿಯು ಎರಡು ಅಚ್ಚುಗಳ ನಡುವೆ, ನೆಲದಡಿಯಲ್ಲಿ ಚಾಪೆಯಂತೆ ಹರಡಿಕೊಂಡಿರುವುದು. ಮೋಟಾರುಗಳಾದರೋ ಒಂದು ಅಚ್ಚಿಗೂ ಎರಡಕ್ಕೂ ಸುಲಭವಾಗಿ ಹೊಂದುವುವು. ಮುಂಭಾರ ಹಿಂಭಾರಗಳೆರಡೂ ಮಾಯವಾದುವು. ಉಳಿದುದು ಒಟ್ಟು ಭಾರ. ಅದು ಮಾತ್ರ ಮೊದಲಿಗಿಂತ ಹೆಚ್ಚು.

ಭದ್ರಾವತಿಯ ಮಾತು ಇಲ್ಲಿ ಬರುತ್ತದೆ. ಇಂಜಿನು ಮುಂದಿರಲಿ, ನಡುವಿರಲಿ, ಹಿಂದಿರಲಿ, ಅದರ ಒಳಗೆ ಕ್ರ್ಯಾಂಕ್‌ಷಾಫ್ಟು ಎಂಬ ಸೊಟ್ಟನೆಯ ದಂಡವೊಂದು ಇದ್ದೇ ಇರಬೇಕು. ನಿಮಿಷಕ್ಕೆ ಆರು ಸಾವಿರ ಸುತ್ತು ಎಂದರೆ ಕ್ಷಣಕ್ಕೆ ನೂರು ಸುತ್ತು. ಒಂದೊಂದು ಸ್ಫೋಟವೂ ಅದನ್ನು ತಿರುಚಿ ಬಿಡುವುದು. ಸಾಮಾನ್ಯವಾದ ಕಬ್ಬಿಣವು ಇದನ್ನು ತಾಳದು. ಹೆಚ್ಚು ಬಲದ ಇಂಜಿನುಗಳಿಗೆ ಕ್ರೋಮಿಯಂ, ನಿಕಲ್, ಮಾಲಿಬ್ಡಿನಂಗಳನ್ನು ಲೆಕ್ಕವಾಗಿ ಬೆರಸಿದ ಉಕ್ಕನ್ನು ಬಳಸುವುದುಂಟು. ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ ಮೈಸೂರು ಸರ್ಕಾರವು 1918ರಲ್ಲಿ ಕಾರ್ಖಾನೆಗೆ ಕೈಹಾಕಿತು, 1923ರ ಜನವರಿಯಲ್ಲಿ ಕೆಮ್ಮಣ್ಣುಗುಂಡಿಯ ಅದಿರಿನಿಂದ ಕಬ್ಬಿಣವು ಹರಿಯಿತು, ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಲಿಯ ಅಧ್ಯಕ್ಷರಾಗಿ 1929ರವರೆಗೆ ಅದನ್ನು ನಿಲ್ಲಿಸಿ ಬೆಳಸಿದರು. 1936ರಲ್ಲಿ ಉಕ್ಕಿನ ಉತ್ಪಾದನೆಯು ಮೊದಲಾಯಿತು. ಬೇರೆ ಪ್ರಾಂತಗಳಲ್ಲಿ ದೊಡ್ಡ ಕಾರ್ಖಾನೆಗಳೆದ್ದು ಸಾಧಾರಣ ಉಕ್ಕಿನಲ್ಲಿ ಸ್ಪರ್ಧಿಸುವುದು ಅಸಾಧ್ಯವಾದಾಗ, 1960ರ ದಶಕದಲ್ಲಿ ಭದ್ರಾವತಿಯು ಮಿಶ್ರಲೋಹದ ವಿಶೇಷ ಉಕ್ಕಿನ ಕಡೆಗೆ ತಿರುಗಿತು. ಮೋಟಾರು ಬಂಡಿಗಳಿಗೂ ರೈಲ್ವೆಗೂ ರಕ್ಷಣಾ ಇಲಾಖೆಗೂ ಬೇಕಾದ ಉಕ್ಕು ಅಲ್ಲಿಂದ ಹೋಯಿತು. 1989ರಲ್ಲಿ ಕಾರ್ಖಾನೆಯು ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಬಂದು, 1998ರಲ್ಲಿ ಅದರಲ್ಲಿ ವಿಲೀನವಾಯಿತು. 2023ರ ಜನವರಿಯಲ್ಲಿ ಪ್ರಾಧಿಕಾರದ ಮಂಡಲಿಯು ಅದನ್ನು ಮುಚ್ಚಲು ನಿಶ್ಚಯಿಸಿತು. ಕಾರ್ಮಿಕರು ಹೋರಾಟಕ್ಕೆ ಕುಳಿತರು. ಅದೇ ವರ್ಷದ ಆಗಸ್ಟಿನಲ್ಲಿ ಸಲಾಕೆಗಳನ್ನು ಮಾಡುವ ಬಾರ್ ಮಿಲ್ಲು ಮತ್ತೆ ತಿರುಗತೊಡಗಿತು.

ವಿದ್ಯುತ್ ಬಂಡಿಗೆ ಕ್ರ್ಯಾಂಕ್‌ಷಾಫ್ಟು ಬೇಡ. ಹಾಗೆಂದು ವಿಶೇಷ ಉಕ್ಕೇ ಬೇಡವೆಂದು ತಿಳಿಯುವುದು ಸರಿಯಲ್ಲ. ವಿದ್ಯುತ್ ಮೋಟಾರಿನ ದಂಡವು ನಿಮಿಷಕ್ಕೆ ಹತ್ತು ಸಾವಿರ ಸುತ್ತುಗಳನ್ನು ಮೀರಿ ಸುತ್ತುವುದುಂಟು. ನಿಂತಲ್ಲಿಂದಲೇ ತನ್ನ ಪೂರ್ಣ ಬಲವನ್ನು ಹಲ್ಲುಗಾಲಿಗಳ ಮೇಲೆ ಹೇರುವುದು. ಇಂಜಿನಿನ ಸದ್ದಿನಲ್ಲಿ ಹಿಂದೆ ಮುಚ್ಚಿಹೋಗುತ್ತಿದ್ದ ಹಲ್ಲುಗಾಲಿಯ ಸಣ್ಣ ಕೊರೆತವೂ ಈಗ ಕಿವಿಗೆ ಬೀಳುವುದರಿಂದ, ಅವುಗಳ ಉಕ್ಕು ಇನ್ನೂ ಶುದ್ಧವಾಗಿರಬೇಕು, ಇನ್ನೂ ನಯವಾಗಿ ಕಡೆಯಲ್ಪಡಬೇಕು. ಬ್ಯಾಟರಿಯ ಭಾರವನ್ನು ಹೊರುವ ಅಚ್ಚುಗಳ ಮೇಲೂ ಬೇರಿಂಗುಗಳ ಮೇಲೂ ಹೊರೆಯು ಹೆಚ್ಚಿದೆ. ಇಂಥ ಉಕ್ಕನ್ನು ಕರಗಿಸಿ, ಬಡಿದು, ಎಳೆದು, ಕಾಯಿಸಿ ಹದಗೊಳಿಸಿದ ಅನುಭವವುಳ್ಳ ಕೆಲಸಗಾರರು ಭದ್ರಾವತಿಯ ನ್ಯೂಟೌನಿನ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಬಹುಮಂದಿ ನನ್ನ ವಯಸ್ಸಿನವರು.